ಮ್ಯಾಗ್ನಿಫೈಯರ್, ಎನ್‌ವಿಡಿಎ, ಜಾಸ್: ಯಾರಿಗೆ ಯಾವುದು?

ಕುಶಾಲನಗರದ ಕಾಫಿ ಕ್ಯೂರಿಂಗ್ ಆಫೀಸಿನ ಲೆಕ್ಕಪತ್ರಕ್ಕೆ ದೃಷ್ಟಿ ಮಂದವಿರುವ ಒಬ್ಬರನ್ನು ತೆಗೆದುಕೊಂಡಿದ್ದೀರಿ, ಕಂಪ್ಯೂಟರಿಗೆ ಏನು ಹಾಕಿಸಲಿ ಎಂದಿರಿ. ಮೊದಲು ಅವರನ್ನೇ ಕೇಳಿ: ಅಕ್ಷರ ದೊಡ್ಡದಾದರೆ ಸಾಕೋ, ಕಿವಿಯಲ್ಲೇ ಓದಬೇಕೋ?

ದೊಡ್ಡದಾದರೆ ಸಾಕೆಂದರೆ ವಿಂಡೋಸ್‌ನೊಳಗೇ ಮ್ಯಾಗ್ನಿಫೈಯರ್ ಇದೆ, ಖರ್ಚಿಲ್ಲ. ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರಾಯಿತು. ಆದರೆ ಎಕ್ಸೆಲ್ ಹಾಳೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ಬೆಳೆಗಾರರ ಹೆಸರು ಒಂದು ಕಡೆ, ಚೀಲದ ಲೆಕ್ಕ ಪರದೆಯಾಚೆ. ಸಂಜೆಯ ಹೊತ್ತಿಗೆ ಕಣ್ಣು ಸೋಲುತ್ತದೆ.

ಕಿವಿಯಲ್ಲಿ ಓದುವವರಿಗೆ ಎನ್‌ವಿಡಿಎ ಇಲ್ಲವೇ ಜಾಸ್. ಎರಡೂ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು. ಎನ್‌ವಿಡಿಎ ಉಚಿತ, ಪೆನ್‌ಡ್ರೈವಿನಿಂದಲೂ ನಡೆಯುತ್ತದೆ. ಜೊತೆಗೇ ಬರುವ, ಅಕ್ಷರವನ್ನು ಮಾತಾಗಿಸುವ ಇಸ್ಪೀಕ್ ಕನ್ನಡ ಓದುತ್ತದೆ. ದನಿ ಮಾತ್ರ ಯಂತ್ರದ್ದೇ, ಒಗ್ಗಿಕೊಳ್ಳಬೇಕು. ಜಾಸ್ ದುಬಾರಿ. ಪರವಾನಗಿ ಇಲ್ಲದಿದ್ದರೆ 40 ನಿಮಿಷ ನಡೆದು ನಿಲ್ಲುತ್ತದೆ, ಮತ್ತೆ ಬೇಕೆಂದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ಉದ್ಯೋಗಿಗೆ ಅದೇ ಕೈಗೆ ಕೂತಿದ್ದರೆ, ಅಥವಾ ನಿಮ್ಮ ಬಿಲ್ಲಿಂಗ್ ತಂತ್ರಾಂಶವನ್ನು ಜಾಸ್ ಸರಿಯಾಗಿ ಓದುವಂತೆ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆಸುವುದಿದ್ದರೆ ದುಡ್ಡು ಹಾಕಿ. ಹೊಸಬರಾದರೆ ನಾನಂತೂ ಎನ್‌ವಿಡಿಎಯಿಂದ ಶುರು ಮಾಡಿಸುತ್ತೇನೆ.

ಎರಡಕ್ಕೂ ಒಂದೇ ಗೋಳು: ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿದ ಕನ್ನಡ ಕಡತ ಕಿವಿಗೆ ಬರೀ ಗೊಜಲು. ಮುಖ್ಯವಾದವನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿಡಿ. ಸ್ಕ್ಯಾನ್ ಮಾಡಿದ ರಸೀದಿ ಕೂಡ ಚಿತ್ರವಷ್ಟೇ, ಅಕ್ಷರವಲ್ಲ.

ಅಂದಹಾಗೆ, ಜುಲೈ ಮಳೆ ಶೀಟಿನ ಮಾಡಿಗೆ ಬಡಿಯುವಾಗ ಸ್ಪೀಕರ್ ಕೇಳುವುದಿಲ್ಲ. ಒಂದು ಕಿವಿಯ ಇಯರ್‌ಫೋನ್ ಕೊಡಿಸಿ. ಇನ್ನೊಂದು ಕಿವಿ ನಿಮ್ಮ ಮಾತಿಗೆ ಬೇಕಲ್ಲ.