ಪಾತ್ರದ ನಡತೆಗೆ ಅಲೈನ್‌ಮೆಂಟ್ ಬೇಕಾ? ಮೂರು ಪದ್ಧತಿ ಆಡಿ ನೋಡಿದ್ದು

ಸೆರೆ ಸಿಕ್ಕ ಡಕಾಯಿತನನ್ನು ಏನು ಮಾಡೋದು? ಟೇಬಲ್‌ಟಾಪ್ ಆರ್‌ಪಿಜಿ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸಿ ಕಥೆ ನಡೆಸುವ ಆಟ) ಆಡುವವರ ನಡುವೆ ಜಗಳ ಹಚ್ಚಲು ಈ ಒಂದು ಪ್ರಶ್ನೆ ಸಾಕು. ಜಯನಗರದಲ್ಲಿ ಸೇರುವ ನಮ್ಮ ಗುಂಪಿಗೆ ಡಿಎಂ, ಅಂದರೆ ಆಟ ನಡೆಸಿಕೊಡುವವನು, ನಾನೇ. ಇದೇ ಸನ್ನಿವೇಶವನ್ನು ಮೂರು ಬಗೆಯ ನಿಯಮಗಳಲ್ಲಿ ಆಡಿಸಿದೆ.

ಮೊದಲನೆಯದು ಒಂಬತ್ತು ಮನೆಯ ಹಳೇ ಅಲೈನ್‌ಮೆಂಟ್, ಅಂದರೆ ಪಾತ್ರದ ಗುಣಕ್ಕೆ ಹಚ್ಚುವ ಹಣೆಪಟ್ಟಿ. 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಇದ್ದದ್ದು ಲಾ (ಕಟ್ಟುಪಾಡು), ನ್ಯೂಟ್ರಲಿಟಿ (ನಡುವಿನದು), ಕೇಯಾಸ್ (ಕಟ್ಟುಪಾಡಿಲ್ಲದ್ದು) ಮೂರೇ. ಗುಡ್, ಈವಿಲ್ ಆಮೇಲೆ ಸೇರಿ, 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಹೊತ್ತಿಗೆ ಎರಡೂ ಬಗೆ ಬೆರೆತು ಒಂಬತ್ತಾಯಿತು. ಹೊಸಬರಿಗೆ ಹೇಳಿಕೊಡುವುದು ಬಲು ಸುಲಭ. ರಾತ್ರಿ ಹನ್ನೊಂದಕ್ಕೂ ಮೀಟರ್ ಹಾಕಿ ಒಂದೂವರೆ ಪಟ್ಟಷ್ಟೇ ಕೇಳುವ ಆಟೋದವರು ಲಾಫುಲ್. ಅಜ್ಜಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಒನ್ ವೇನಲ್ಲಿ ನುಗ್ಗುವವರು ಕೇಯಾಟಿಕ್ ಗುಡ್. ಮುಗೀತು.

ಕಷ್ಟ ಶುರುವಾಗುವುದು ಆಡುವಾಗ. ಲಾಫುಲ್ ಗುಡ್ ಪ್ಯಾಲಡಿನ್ (ವ್ರತ ತೊಟ್ಟ ಯೋಧ) ಡಕಾಯಿತನನ್ನು ಊರಿನ ಕಾವಲುಗಾರರಿಗೆ ಒಪ್ಪಿಸೋಣ ಎಂದ. ರೋಗ್ (ಕಳ್ಳಿಯ ಪಾತ್ರ) ಚಾಕು ತೆಗೆದಳು. ‘ನಾನು ಕೇಯಾಟಿಕ್ ನ್ಯೂಟ್ರಲ್, ನಾನು ಹೀಗೇ’ ಎಂಬುದೇ ಅವಳ ಸಮರ್ಥನೆ. ಡಕಾಯಿತನ ವಿಷಯ ಅಲ್ಲಿಗೆ ನಿಂತಿತು. ‘ಗುಡ್’ ಅಂದರೇನು ಅಂತ ವಾದ, ಕಾಫಿ ಆರಿ ತಣ್ಣಗಾಗುವವರೆಗೆ. ಹಳೇ ನಿಯಮದಲ್ಲಿ ಪ್ಯಾಲಡಿನ್ ದಾರಿ ತಪ್ಪಿದರೆ ಶಕ್ತಿಯೇ ಹೋಗುತ್ತಿತ್ತು, ತೀರ್ಪು ಡಿಎಂದು. ಆಟ ಆಡಿಸೋಕೆ ಕೂತವನಿಗೆ ಜಡ್ಜ್ ಕೆಲಸ ಯಾಕೆ?

ಎರಡನೆಯದು ಅದೇ ಆಟದ 2014ರ ಐದನೇ ಆವೃತ್ತಿಯ ಐಡಿಯಲ್ (ಆದರ್ಶ), ಬಾಂಡ್ (ನಂಟು), ಫ್ಲಾ (ದೌರ್ಬಲ್ಯ). ಅಲ್ಲಿ ಅಲೈನ್‌ಮೆಂಟ್ ಕೂಡ ಇದೆ, ನಾವು ಅದನ್ನು ಬದಿಗಿಟ್ಟೆವು. ರೋಗ್‌ನ ಬಾಂಡ್: ‘ಸಾಲಕ್ಕೆ ಜೀತಕ್ಕಿರುವ ತಂಗಿಯನ್ನು ಬಿಡಿಸಬೇಕು.’ ಡಕಾಯಿತನೂ ಸಾಲಕ್ಕೆ ಹೆದರಿ ಊರು ಬಿಟ್ಟವನು ಅಂತ ಗೊತ್ತಾದದ್ದೇ ತಡ, ಚಾಕು ಮತ್ತೆ ಹೊರಬಂತು. ಈ ಸಲ ಹಗ್ಗ ಕೊಯ್ಯಲು. ಮೂರರಲ್ಲಿ ಮನಸ್ಸಿಗೆ ತಟ್ಟಿದ ದೃಶ್ಯ ಇದೇ. ಆದರೆ ಎರಡು ವಾರ ಕಳೆದರೆ ಪಾತ್ರದ ಹಾಳೆಯ ಆ ಸಾಲುಗಳನ್ನು ಯಾರೂ ನೋಡುವುದಿಲ್ಲ. ಅವಕ್ಕೆ ತಕ್ಕಂತೆ ಆಡಿದರೆ ಇನ್ಸ್‌ಪಿರೇಷನ್ ಎಂಬ ಬಹುಮಾನ ಸಿಗುತ್ತದೆ, ನಿಜ. ಸಿಗದಿದ್ದರೆ ನಷ್ಟವೇನೂ ಇಲ್ಲವಲ್ಲ!

ಮೂರನೆಯದು ಪಾತ್‌ಫೈಂಡರ್ ಎಂಬ ಇನ್ನೊಂದು ಆಟ. ಅದರ 2023ರ ಪರಿಷ್ಕೃತ ಆವೃತ್ತಿ ರೀಮಾಸ್ಟರ್‌ನಲ್ಲಿ ಅಲೈನ್‌ಮೆಂಟನ್ನೇ ಕಿತ್ತುಹಾಕಿದರು. ಈಗ ಈಡಿಕ್ಟ್ ಅಂದರೆ ಮಾಡಬೇಕಾದ್ದು, ಅನಾಥೆಮಾ ಅಂದರೆ ಮಾಡಬಾರದ್ದು. ನಮ್ಮ ಕ್ಲೆರಿಕ್ (ಪೂಜಾರಿಯ ಪಾತ್ರ) ಸೂರ್ಯದೇವತೆ ಸಾರೆನ್ರೇಯ ಭಕ್ತ. ಪಶ್ಚಾತ್ತಾಪ ಪಟ್ಟವರಿಗೆ ತಿದ್ದಿಕೊಳ್ಳುವ ಅವಕಾಶ ಕೊಡದಿದ್ದರೆ ಅವನಿಗೆ ಅನಾಥೆಮಾ, ಸುಳ್ಳು ಹೇಳಿದರೂ ಅನಾಥೆಮಾ. ಡಕಾಯಿತ ಕಾಲಿಗೆ ಬಿದ್ದು ‘ತಪ್ಪಾಯ್ತು ಸ್ವಾಮಿ’ ಅಂದ. ಇದು ನಿಜವಾ ನಾಟಕವಾ? ಎಲ್ಲರೂ ಡೈಸ್ ಮೇಲೆ ಬಗ್ಗಿದರು. ಗೊತ್ತಾಗಲಿಲ್ಲ, ಬಿಟ್ಟರು. ಆಮೇಲೆ ಊರ ಬಾಗಿಲಲ್ಲಿ ಕಾವಲುಗಾರ ‘ಡಕಾಯಿತರು ಕಂಡರಾ?’ ಅಂತ ಕೇಳಿದ. ಸುಳ್ಳು ಹೇಳುವ ಹಾಗಿಲ್ಲದ ಕ್ಲೆರಿಕ್ ಪಟ್ಟ ಪಾಡು ನೋಡಬೇಕಿತ್ತು. ವಾದವೇ ಇಲ್ಲ, ಎಲ್ಲಾ ಆಟದೊಳಗೇ. ಕ್ಲೆರಿಕ್, ಚಾಂಪಿಯನ್ (ದೇವರ ಯೋಧ) ಇಂಥ ಕೆಲವರನ್ನು ಬಿಟ್ಟರೆ ಉಳಿದವರಿಗೆ ಇದು ಅಷ್ಟಾಗಿ ಕಡ್ಡಾಯವಲ್ಲ ಎನ್ನುವುದೊಂದೇ ಕೊರತೆ. ಹಾಗಾಗಿ ಎಲ್ಲರಿಂದಲೂ ಒಂದು ‘ಮಾಡ್ತೀನಿ’, ಒಂದು ‘ಮಾಡಲ್ಲ’ ಬರೆಸಿಕೊಂಡೆ.

ಆಟಗಾರರಿಗೆ ನನ್ನ ಓಟು ಪಾತ್‌ಫೈಂಡರ್‌ಗೆ. ಆದರೆ ನನ್ನ ಡಿಎಂ ನೋಟ್ಸ್‌ನಲ್ಲಿ ಒಂಬತ್ತು ಮನೆಯೇ ಇದೆ. ಸುಂಕ ವಸೂಲಿ ಮಾಡುವ ಜಮೀನ್ದಾರನ ಹೆಸರಿನ ಮುಂದೆ ‘ಲಾಫುಲ್ ಈವಿಲ್’ ಅಂತ ಗೀಚಿದರೆ ಸಾಕು, ಅವನು ಕೊಟ್ಟ ಮಾತು ತಪ್ಪುವುದಿಲ್ಲ, ಪತ್ರದಲ್ಲಿ ಬರೆದ ಒಂದು ಕಾಸನ್ನೂ ಬಿಡುವುದಿಲ್ಲ.