ಕೊಟ್ಟಿಗೆಗೆ 0.5 ಎಂ.ಎಂ. ಬಣ್ಣದ ಶೀಟು: ಐದು ಮಳೆಗಾಲ ಕಳೆದ ಮೇಲೆ

ಶೀಟಿಗೆ 5ಕ್ಕೆ 4 ಅಂಕ. ಜೊತೆಗೆ ಕಟ್ಟಿಕೊಡುವ ಅಗ್ಗದ ಸ್ಕ್ರೂಗಳಿಗೆ 1 ಕೊಟ್ಟರೂ ಹೆಚ್ಚೇ. ಹೆಸರಘಟ್ಟ ಕಡೆಯ 20×12 ಅಡಿ ಕೊಟ್ಟಿಗೆ, ಅಲ್ಯೂಮಿನಿಯಂ-ಜಿಂಕ್ ಲೇಪನದ ಶೀಟು. ಬಣ್ಣ ಬಿಸಿಲಿಗೆ ಮಂಕಾಗಿದೆ, ಆದರೆ ಎಲ್ಲೂ ಎದ್ದಿಲ್ಲ. ತುಕ್ಕು ಹಿಡಿದಿರುವುದು ಸ್ಕ್ರೂ ತಲೆಗಳಿಗೆ.

ಕೊಳ್ಳುವಾಗ ಅಗಲದ ಲೆಕ್ಕ ತಪ್ಪುವುದೇ ಹೆಚ್ಚು. ಶೀಟು ಮೂರೂವರೆ ಅಡಿ ಅನ್ನುತ್ತಾರೆ, ಉಬ್ಬಿನ ಮೇಲೆ ಉಬ್ಬು ಕೂರಿಸಿದರೆ ಮುಚ್ಚುವುದು 1 ಮೀಟರ್ ಅಷ್ಟೇ. 20 ಅಡಿಗೆ 6 ಶೀಟು ತಂದರೆ ಚಾಚಿಗೇನೂ ಉಳಿಯುವುದಿಲ್ಲ, 7 ಬೇಕು. ಪೀಣ್ಯದಲ್ಲಿ ಹೇಳಿದ ಉದ್ದಕ್ಕೇ ಕತ್ತರಿಸಿ ಕೊಡುತ್ತಾರೆ. 13 ಅಡಿ ಹೇಳಿದರೆ ನಡುವೆ ಜೋಡಣೆಯೇ ಇರುವುದಿಲ್ಲ. 12 ಅಡಿಗೆ 2 ಅಡಿ ಇಳಿಜಾರು, 4 ಅಡಿಗೊಂದರಂತೆ 4 ಪರ್ಲಿನ್, ಅಂದರೆ ಶೀಟು ಕೂರುವ ಅಡ್ಡಪಟ್ಟಿ.

ಮುಂಗಾರಿನ ಗಾಳಿ ಪಡುವಣದಿಂದ. ಹಾಗಾಗಿ ಪೂರ್ವದ ತುದಿಯಿಂದ ಹೊದಿಸುತ್ತಾ ಬನ್ನಿ, ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ. ಸ್ಕ್ರೂ ಉಬ್ಬಿನ ಮೇಲೆ, 55 ಎಂ.ಎಂ. ಉದ್ದದ್ದು, ಇಪಿಡಿಎಂ ರಬ್ಬರ್ ವಾಷರ್ ಇರುವಂಥದ್ದು. ಮೇಲಿನ, ಕೆಳಗಿನ ಪರ್ಲಿನ್‌ಗೆ ಶೀಟಿಗೆ 5, ನಡುವಿನವಕ್ಕೆ 3. ಅಲ್ಲಿಗೆ 112, ಆದರೂ 150 ತನ್ನಿ. ವಾಷರ್ ಅಂಚು ಕೊಂಚ ಉಬ್ಬಿದ ಕೂಡಲೇ ಡ್ರಿಲ್ ನಿಲ್ಲಿಸಬೇಕು. ಬಡಿಯುತ್ತಾ ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಆ ಹದ ಸಿಗುವುದು ಕಷ್ಟ: ಉಬ್ಬು ತಗ್ಗುತ್ತದೆ, ರಬ್ಬರ್ ಸೀಳುತ್ತದೆ, ನೀರು ಅಲ್ಲೇ ಇಳಿಯುತ್ತದೆ.

ವೆಲ್ಡಿಂಗ್‌ನವರು ಒಪ್ಪಲಿಕ್ಕಿಲ್ಲ, ಆದರೂ ಶೀಟಿಗೆ ಗ್ರೈಂಡರ್ ಬೇಡ. ಕಿಡಿ ಬಿದ್ದಲ್ಲೆಲ್ಲ ಬಣ್ಣ ಸುಡುತ್ತದೆ, ಅಂಚಿನ ಲೇಪನವೂ ಹೋಗುತ್ತದೆ. ತಗಡು ಕತ್ತರಿ ಸಾಕು. ಕೊರೆದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅವತ್ತೇ ಗುಡಿಸಬೇಕು, ರಾತ್ರಿ ಮಂಜಿಗೇ ಕೆಂಪು ಚುಕ್ಕೆ ಏಳುತ್ತದೆ. ಸಂದು ಮುಚ್ಚಲು ಹಚ್ಚುವ ಸಿಲಿಕೋನ್‌ನಲ್ಲಿ ವಿನಿಗರ್ ವಾಸನೆಯದು ಜಿಂಕನ್ನು ತಿನ್ನುತ್ತದೆ, ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ.

ಶೀಟಿಗೆ ಒಂದು ಅಂಕ ಕಡಿಮೆ ಕೊಟ್ಟದ್ದು ಯಾಕೆಂದರೆ, ಏಪ್ರಿಲ್ ಮಧ್ಯಾಹ್ನ ಶೀಟಿನಡಿ ದನಗಳು ಏದುಸಿರು ಬಿಡುತ್ತವೆ, ಚಳಿಗಾಲದ ಬೆಳಗ್ಗೆ ಒಳಗೆ ಹನಿಗಟ್ಟಿ ಹುಲ್ಲಿನ ಮೇಲೆ ತೊಟ್ಟಿಕ್ಕುತ್ತದೆ. ಶೀಟು ಹಾಕುವ ಮೊದಲೇ ಪರ್ಲಿನ್ ಮೇಲೆ ಬಬಲ್ ಫಾಯಿಲ್ (ಗಾಳಿಗುಳ್ಳೆಗಳಿರುವ ಬೆಳ್ಳಿ ಬಣ್ಣದ ಹಾಳೆ) ಹಾಸಿದರೆ ಎರಡೂ ತಗ್ಗುತ್ತವೆ. ಗಂಜಲದ ಅಮೋನಿಯಾ ಹೊರಗೆ ಹೋಗಲು ಮೇಲ್ಗಡೆ ಗೋಡೆಗೂ ಸೂರಿಗೂ ನಡುವೆ ಒಂದಡಿ ತೆರೆದಿರಲಿ, ಅದನ್ನು ಮುಚ್ಚಿದ ಕೊಟ್ಟಿಗೆಗಳಲ್ಲಿ ಶೀಟು ಒಳಗಿನಿಂದಲೇ ಹಾಳಾಗುತ್ತದೆ.

ಪ್ರತಿ ಮಾರ್ಚ್‌ನಲ್ಲಿ, ಆಲಿಕಲ್ಲು ಮಳೆಗೆ ಮುಂಚೆ, ಏಣಿ ಹಾಕಿ ಸೂರಿನ ಸಾಲಿನ ಸ್ಕ್ರೂ ನೋಡಿ. ತಿರುಗಿದರೂ ಬಿಗಿಯಾಗದಿದ್ದರೆ ಅದೇ ತೂತಿಗೆ ಇನ್ನೂ ದಪ್ಪದ, 14ರ ಗೇಜಿನದು ಹಾಕಬೇಕು.