ಶಿಥಿಲೀಕರಣ-ಸವೆತ ಆಕ್ಟಿವಿಟಿ ಕಿಟ್: ಮಕ್ಕಳ ಜೊತೆ 3 ವಾರ ಬಳಸಿದ್ಮೇಲೆ

ನನ್ ಮಗಳಿಗೆ 10 ವರ್ಷ, ತಮ್ಮನ ಮಗನಿಗೆ 7. ಮಗಳ ಪಾಠದಲ್ಲಿ ಶಿಥಿಲೀಕರಣ ಬಂದಿತ್ತು, ಶಿಲೆಗಳು ಒಡೆದು ಚೂರಾಗುವ ಕ್ರಿಯೆ ಅಂತ ಬಾಯಿಪಾಠ ಮಾಡ್ಕೊಂಡು ಒಪ್ಪಿಸ್ತಿದ್ಲು, ಹಾಗಾದ್ರೆ ಸವೆತ ಅಂದ್ರೆ ಏನೇ ಅಂತ ಕೇಳಿದ್ರೆ "ಅದೂ ಅದೇ ಅಲ್ವಾ ಅಮ್ಮ" ಅಂದ್ಲು. ಆ ಉತ್ತರ ಕೇಳಿಯೇ ಈ ಕಿಟ್ ತರಿಸಿದ್ದು. ಬಂದ ದಿನಾನೇ ಇದರ ಬಗ್ಗೆ ಬರೆಯೋಕಾಗಲ್ಲ, ಕೆಲವು ಪ್ರಯೋಗಕ್ಕೆ ದಿನಗಟ್ಟಲೆ ಹಿಡಿಯುತ್ತೆ, ಅದಕ್ಕೇ 3 ವಾರ ಬಿಟ್ಟು ಬರೀತಿದೀನಿ.

ಡಬ್ಬಿಯಲ್ಲಿ ಇರೋದು: ಉದ್ದನೆ ಪ್ಲಾಸ್ಟಿಕ್ ಟ್ರೇ, ಒಂದು ತುದೀಲಿ ನೀರು ಹೊರಗೆ ಹೋಗೋಕೆ ತೂತು, ಸಣ್ಣ ಮರಳು, ದಪ್ಪ ಮರಳು, ಜೇಡಿಮಣ್ಣು, ಪ್ಲಾಸ್ಟರ್ ಆಫ್ ಪ್ಯಾರಿಸ್, ಬಲೂನು, ಮುಚ್ಚಳ ಇರೋ ಜಾಡಿ, ಸುಣ್ಣದಕಲ್ಲು, ಮರಳುಗಲ್ಲು, ಗ್ರಾನೈಟ್ ಚೂರುಗಳು, ಸೀಮೆಸುಣ್ಣ, ಡ್ರಾಪರ್, ಭೂತಗನ್ನಡಿ, ಹುಲ್ಲಿನ ಬೀಜ, ಆಮೇಲೆ ಆಕ್ಟಿವಿಟಿ ಕಾರ್ಡುಗಳು. ಕ್ವಾಲಿಟಿ ಪರವಾಗಿಲ್ಲ, ಟ್ರೇ ಗಟ್ಟಿ ಇದೆ.

ಮೊದಲು ಜಾಡಿ ಪ್ರಯೋಗ. ಮರಳುಗಲ್ಲಿನ ಚೂರು, ಸ್ವಲ್ಪ ನೀರು ಹಾಕಿ ಮುಚ್ಚಿ 500 ಸಲ ಕುಲುಕೋದು, ಇಬ್ರೂ ನೂರು ನೂರು ಅಂತ ಪಾಳಿ ಹಾಕ್ಕೊಂಡು ಕುಲುಕಿದ್ರು. ನೀರು ಕದಡಿ ಕೆಂಪಗಾಯ್ತು, ಚೂಪಿದ್ದ ಅಂಚುಗಳು ಬೆರಳಿಗೆ ಚುಚ್ಚದಷ್ಟು ಮೊಂಡಾದ್ವು. ಅದೇ ರೀತಿ ಗ್ರಾನೈಟ್ ಹಾಕಿ ಕುಲುಕಿದ್ರೆ ನೀರು ಹೆಚ್ಚುಕಮ್ಮಿ ಹಾಗೇ ಇತ್ತು. ಹೊಳೆ ಕಲ್ಲು ಯಾಕೆ ನುಣ್ಣಗಿರುತ್ತೆ, ಎಲ್ಲಾ ಕಲ್ಲೂ ಯಾಕೆ ಒಂದೇ ಥರ ಸವೆಯಲ್ಲ ಅನ್ನೋದು ನಾನು ಬಾಯಿ ಬಿಡೋ ಮೊದ್ಲೇ ಅವರಿಗೆ ಅರ್ಥ ಆಗಿತ್ತು.

ಮಂಜುಗಡ್ಡೆ ಪ್ರಯೋಗ ನನಗೆ ತುಂಬಾ ಇಷ್ಟ ಆಯ್ತು. ಪುಟ್ಟ ಬಲೂನಿಗೆ ನೀರು ತುಂಬಿ ಪ್ಲಾಸ್ಟರ್ ಒಳಗೆ ಹುದುಗಿಸೋದು, ಪಕ್ಕದಲ್ಲಿ ಬಲೂನು ಇಲ್ಲದ ಇನ್ನೊಂದು ಗಟ್ಟಿ, ಎರಡೂ ಒಣಗಿದ್ಮೇಲೆ ರಾತ್ರಿಯಿಡೀ ಫ್ರೀಜರಲ್ಲಿ. ನೀರು ಗಡ್ಡೆ ಕಟ್ಟುವಾಗ ಸುಮಾರು 9% ಹಿಗ್ಗುತ್ತೆ ಅಂತ ನಾವೆಲ್ಲ ಓದಿರ್ತೀವಿ, ಆದ್ರೆ ಬೆಳಿಗ್ಗೆ ಹಲ್ಲುಜ್ಜೋಕೂ ಮೊದ್ಲು ಫ್ರೀಜರ್ ತೆಗೆದು "ಅತ್ತೇ ಒಡ್ದೋಗಿದೆ!" ಅಂತ ಆ ಪುಟ್ಟ ಕಿರುಚಿದಾಗ ಆ 9% ಅಂದ್ರೆ ಏನು ಅಂತ ನನಗೂ ಹೊಸದಾಗಿ ಕಂಡ ಹಾಗಾಯ್ತು. ಇನ್ನೊಂದು ಗಟ್ಟಿ ಹಾಗೇ ಇತ್ತು, ಹೋಲಿಸಿ ನೋಡೋಕೆ ಅದು ಬೇಕೇ ಬೇಕು, ಪ್ಲಾಸ್ಟರ್ ಉಳಿಸೋಕೆ ಅಂತ ಬಿಡಬೇಡಿ.

ಇಲ್ಲಿ ಎರಡು ಎಚ್ಚರಿಕೆ, ಎರಡೂ ಕಾರ್ಡಲ್ಲಿಲ್ಲ, ಇರಲೇಬೇಕಿತ್ತು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿ ಬಿಡುತ್ತೆ, 60 ಡಿಗ್ರಿವರೆಗೂ ಏರಬಹುದು, ಮಕ್ಕಳು ಅದರೊಳಗೆ ಕೈ ಇಟ್ಕೊಂಡು ಅಚ್ಚು ಮಾಡೋಕೆ ಹೋದ್ರೆ ಸುಟ್ಟುಹೋಗುತ್ತೆ, ಕಲಸೋದು ದೊಡ್ಡವರೇ ಕಡ್ಡೀಲಿ ಮಾಡಿ. ಉಳಿದಿದ್ದನ್ನ ಸಿಂಕಿಗೆ ಸುರಿಯಬೇಡಿ, ಪೈಪಲ್ಲೇ ಕಲ್ಲಾಗಿ ಕೂರುತ್ತೆ, ಗಟ್ಟಿಯಾದ್ಮೇಲೆ ಕಸಕ್ಕೆ ಹಾಕಿ.

ಈಗ ಕಿಟ್ಟಿನ ದೊಡ್ಡ ತಪ್ಪಿಗೆ ಬರ್ತೀನಿ. ಆಮ್ಲದ ಪ್ರಯೋಗದಲ್ಲಿ ಸುಣ್ಣದಕಲ್ಲಿನ ಮೇಲೆ ವಿನೆಗರ್ ಹನಿ ಬಿಟ್ರೆ ಗುಳ್ಳೆ ಬಂತು, ಗ್ರಾನೈಟ್ ಮೇಲೆ ಬರಲಿಲ್ಲ, ಇಲ್ಲಿವರೆಗೂ ಸರಿ. ಆಮೇಲೆ ಸೀಮೆಸುಣ್ಣಕ್ಕೂ ಹಾಕಿ, ನೊರೆ ಬರುತ್ತೆ ಅಂತ ಕಾರ್ಡ್ ಹೇಳುತ್ತೆ, ಹಾಕಿದ್ವಿ, ಏನೂ ಆಗ್ಲಿಲ್ಲ. ಇನ್ನೊಂದು ತುಂಡು, ಮತ್ತೂ ಇಲ್ಲ. ಮಗಳು ತಾನೇ ಏನೋ ತಪ್ಪು ಮಾಡಿದೀನಿ ಅಂತ ಮುಖ ಸಪ್ಪೆ ಮಾಡ್ಕೊಂಡ್ಲು, ನನಗೆ ನಿಜಕ್ಕೂ ಬೇಜಾರಾಯ್ತು, ಯಾಕಂದ್ರೆ ತಪ್ಪು ಅವಳದಲ್ಲ. ಬೋರ್ಡಿನ ಮೇಲೆ ಬರೆಯೋ ಸೀಮೆಸುಣ್ಣ ಎಷ್ಟೋ ಕಡೆ ಜಿಪ್ಸಮ್‌ದು, ಅಂದ್ರೆ ಕ್ಯಾಲ್ಸಿಯಂ ಸಲ್ಫೇಟ್, ಅದು ವಿನೆಗರಿಗೆ ಜಗ್ಗಲ್ಲ, ಗುಳ್ಳೆ ಬರೋಕೆ ಕ್ಯಾಲ್ಸಿಯಂ ಕಾರ್ಬೊನೇಟೇ ಬೇಕು. ಕಿಟ್ ಮಾಡೋರು ಹಾಕೋಕೆ ಮುಂಚೆ ಒಂದು ತುಂಡು ಪರೀಕ್ಷೆ ಮಾಡಿದ್ರೆ ಸಾಕಿತ್ತು. ನಿಮಗೂ ಹೀಗಾದ್ರೆ ಮೊಟ್ಟೆಚಿಪ್ಪು ತಗೊಳ್ಳಿ, ಅದು ಬಹುಪಾಲು ಕಾರ್ಬೊನೇಟೇ, ನಮ್ಮದು ಲೋಟದ ತುಂಬಾ ಗುಳ್ಳೆ ಎಬ್ಬಿಸ್ತು. ಮಳೆನೀರಲ್ಲಿ ವಿನೆಗರ್ ಇರಲ್ವಲ್ಲ ಅಂತ ಕೇಳಿದ್ಲು, ಒಳ್ಳೇ ಪ್ರಶ್ನೆ. ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಕರಗಿ ಶುದ್ಧ ಮಳೆನೀರೂ ಸ್ವಲ್ಪ ಹುಳಿಯಾಗೇ ಇರುತ್ತೆ, ಪಿಎಚ್ ಸುಮಾರು 5.6, ವಿನೆಗರಿಗಿಂತ ಎಷ್ಟೋ ಸೌಮ್ಯ, ಆದ್ರೆ ಸಾವಿರಾರು ವರ್ಷ ಬಿದ್ದೂ ಬಿದ್ದೂ ಸುಣ್ಣದಕಲ್ಲಲ್ಲಿ ಗುಹೆಗಳನ್ನೇ ಕೊರೆದುಬಿಡುತ್ತೆ ಅಂದೆ.

ಇನ್ನು ಟ್ರೇ. ಬೇರೆ ಏನೂ ಇಲ್ದೆ ಬರೀ ಇದನ್ನೇ ಕೊಟ್ಟಿದ್ರೂ ನಾನು ತಗೊಳ್ತಿದ್ದೆ. ಎರಡೂ ಮರಳು ಬೆರೆಸಿ ಒದ್ದೆ ಮಾಡಿ ಹರಡಿ, ಒಂದು ತುದಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿ, ಮೇಲಿಂದ ಸಣ್ಣಗೆ ನೀರು ಬಿಟ್ರೆ ಕಣ್ಣೆದುರಿಗೇ ಹೊಳೆ ಹುಟ್ಟುತ್ತೆ, ದಡ ಕುಸಿಯುತ್ತೆ, ಬಳುಕುತ್ತೆ, ಕೆಳಗೆ ನೀರು ನಿಂತಲ್ಲಿ ಬೀಸಣಿಗೆ ಥರ ಮರಳು ಹರಡ್ಕೊಳ್ಳುತ್ತೆ. ದಪ್ಪ ಕಣ ಮೊದ್ಲೇ ನಿಂತುಹೋಗುತ್ತೆ, ಸಣ್ಣದು ದೂರ ಹೋಗುತ್ತೆ. ಪುಸ್ತಕ ಮೂರಾದ್ರೆ ನೀರಿನ ರಭಸ ಹೆಚ್ಚಿ ಕಣಿವೆ ಆಳ ಆಗುತ್ತೆ. ಕಾರ್ಡಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಚಿತ್ರ ಇದೆ, 446 ಕಿಲೋಮೀಟರ್ ಉದ್ದ, ಕೆಲವು ಕಡೆ 1.8 ಕಿಲೋಮೀಟರ್ ಆಳ, ಕೊಲೊರಾಡೊ ನದಿ 50-60 ಲಕ್ಷ ವರ್ಷದಿಂದ ಕೊರೀತಾ ಬಂದಿದ್ದು. ಟ್ರೇ ನೋಡಿದ್ಮೇಲೆ ಆ ಚಿತ್ರ ತೋರಿಸಿ, ಮೊದ್ಲೇ ಬೇಡ.

ಅವತ್ತೇ ಮಗಳು ತಮ್ಮನಿಗೆ ಹೇಳ್ತಿದ್ಲು, "ಕಲ್ಲು ಇದ್ದಲ್ಲೇ ಪುಡಿಯಾದ್ರೆ ಶಿಥಿಲೀಕರಣ ಕಣೋ, ಆ ಪುಡಿ ಊರು ಬಿಟ್ರೆ ಸವೆತ." ನಾನು ಹೇಳ್ಕೊಟ್ಟಿದ್ದಲ್ಲ. ಅದಾದ್ಮೇಲೆ ಕಾರ್ಡಲ್ಲಿ ಮಂಜುಗಡ್ಡೆ ಪ್ರಯೋಗಕ್ಕೆ ಸವೆತ ಅಂತ ತಪ್ಪು ಹೆಸರು ಕೊಟ್ಟಿರೋದನ್ನೂ ಅವಳೇ ಹಿಡಿದು ಪೆನ್ನಲ್ಲಿ ತಿದ್ದಿದ್ಲು.

ಗಾಳಿ ಪ್ರಯೋಗ ಸಾಧಾರಣ, ಸ್ಟ್ರಾದಲ್ಲಿ ಮರಳು ಊದೋದು, ಕಣ್ಣಿಗೆ ಬೀಳುತ್ತೆ, ಕನ್ನಡಕ ಕೊಟ್ಟಿಲ್ಲ, ಇಲ್ದೆ ಮಾಡಿಸಬೇಡಿ.

ಕೊನೇದು ಹುಲ್ಲು. ಟ್ರೇನ ಮೂರು ಭಾಗ ಮಾಡಿ ಒಂದರಲ್ಲಿ ಹುಲ್ಲು, ಒಂದರಲ್ಲಿ ಒಣಗಿದೆಲೆ, ಒಂದು ಬರೀ ಮಣ್ಣು, ನಮ್ಮ ಹುಲ್ಲು ಬರೋಕೆ 10 ದಿನ ಹಿಡೀತು, ಆಮೇಲೆ ಒಂದೇ ಅಳತೆ ನೀರು ಹಾಕಿ ಹರಿದಿದ್ದನ್ನ ಮೂರು ಲೋಟದಲ್ಲಿ ಹಿಡಿಯೋದು. ಕಿಟ್ಟಲ್ಲಿ ಅಡ್ಡಗೋಡೆ ಕೊಟ್ಟಿಲ್ಲ, ರಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಮಾಡ್ಕೊಂಡ್ವಿ, ತೂತೂ ಒಂದೇ ಇರೋದ್ರಿಂದ ಒಂದೊಂದೇ ಭಾಗಕ್ಕೆ ನೀರು ಹಾಕಬೇಕಾಯ್ತು. ಬರೀ ಮಣ್ಣಿಂದ ಬಂದಿದ್ದು ಗಾಢ ಕಂದು, ಎಲೆ ಕಡೆಯಿಂದ ತೆಳು, ಹುಲ್ಲಿನ ಕಡೆಯಿಂದ ಹೆಚ್ಚುಕಮ್ಮಿ ತಿಳಿನೀರು.

5ಕ್ಕೆ 4 ಕೊಡ್ತೀನಿ, ಕಳೆದ ಒಂದು ಸೀಮೆಸುಣ್ಣಕ್ಕೂ ಎಚ್ಚರಿಕೆ ಬರೆಯದೇ ಇರೋದಕ್ಕೂ. 8 ವರ್ಷ ಮೇಲ್ಪಟ್ಟವರಿಗೆ ಸರಿ, ಚಿಕ್ಕವರಿದ್ರೆ ಪಕ್ಕದಲ್ಲಿ ದೊಡ್ಡವರು ಕೂತಿರಬೇಕು. ಮೂರೂ ಲೋಟ ಇನ್ನೂ ಕಿಟಕಿ ಹತ್ರಾನೇ ಇವೆ, ಕಂದು ನೀರಿದ್ದ ಲೋಟದ ತಳದಲ್ಲಿ ದಪ್ಪ ಮರಳು, ಅದರ ಮೇಲೆ ಸಣ್ಣ ಮರಳು, ಅದರ ಮೇಲೆ ಜೇಡಿ ಅಂತ ಪದರ ಪದರ ಕೂತಿದೆ, ಯಾರೂ ಅಲ್ಲಾಡಿಸಬಾರ್ದು ಅಂತ ಮಗಳು ಚೀಟಿ ಅಂಟಿಸಿದಾಳೆ.